ವೆಬ್‌ಕಾಸ್ಟಿಂಗ್ ನಂತರದ ಎಸ್‌ಎಸ್‌ಎಲ್‌ಸಿ ಅಂಕಗಳನ್ನು ಹಿಂದಿನವುಗಳೊಡನೆ ಹೋಲಿಸಬಹುದೇ?

ಪ್ರಶ್ನೆ (ಪೋಷಕರು, ತುಮಕೂರು):
ನನ್ನ ಮಗ 2023ರಲ್ಲಿ, ಮಗಳು 2024ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದರು. ಓದಿನಲ್ಲಿ ಮಗಳೇ ಮುಂದಿದ್ದರೂ ಅಣ್ಣನಿಗಿಂತ ಅವಳಿಗೆ 41 ಅಂಕ ಕಡಿಮೆ ಬಂದವು. ನೆಂಟರ ಮನೆಗೆ ಹೋದಾಗಲೆಲ್ಲ ಅದೇ ಮಾತು. ಆ ಎರಡು ವರ್ಷಗಳ ನಡುವೆ ರಾಜ್ಯದ ಫಲಿತಾಂಶವೂ ಶೇ. 83.89ರಿಂದ 73.40ಕ್ಕೆ ಇಳಿಯಿತು, ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ 21ನೇ ಸ್ಥಾನಕ್ಕೆ ಜಾರಿತು. ಒಂದು ಜಿಲ್ಲೆಯ ಮಕ್ಕಳ ಕಲಿಕೆ ಒಂದೇ ವರ್ಷದಲ್ಲಿ ಇಷ್ಟು ಕುಸಿಯಲಾರದು ಎಂದಾದರೆ, ನಾವು ಯಾವ ವರ್ಷದ ಅಂಕವನ್ನು ನಂಬಬೇಕು? ಕಿರಿಯ ಮಗ ಈಗ ಒಂಬತ್ತನೇ ತರಗತಿಯಲ್ಲಿದ್ದಾನೆ.

ಉತ್ತರ 1 (ಪ್ರೌಢಶಾಲಾ ಗಣಿತ ಶಿಕ್ಷಕಿ):
ಸರ್, ನಿಮ್ಮ ಇಬ್ಬರು ಮಕ್ಕಳು ಬರೆದದ್ದು ಹೆಸರಿಗಷ್ಟೇ ಒಂದೇ ಪರೀಕ್ಷೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ, ಅಂದರೆ ಕೊಠಡಿಯ ದೃಶ್ಯಗಳನ್ನು ಇಂಟರ್ನೆಟ್‌ನಲ್ಲಿ ನೇರವಾಗಿ ನೋಡುತ್ತಾ, ನಕಲು ತಡೆಯಲು ನಿಗಾ ಇಟ್ಟರು. ಫಲಿತಾಂಶ ಕುಸಿಯುವುದು ಕಂಡ ಮೇಲೆ ಕೃಪಾಂಕದ ಮಿತಿಯನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಅಂದರೆ ಶೇ. 73.40 ಎಂಬುದು ಕೃಪಾಂಕ ಸೇರಿದ ಮೇಲಿನ ಲೆಕ್ಕ, ಮತ್ತು ಆ ಹೆಚ್ಚುವರಿ ಕೃಪಾಂಕವನ್ನು ಮರುವರ್ಷ ಕೈಬಿಟ್ಟಿದ್ದರಿಂದ ಮುಂದಿನ ವರ್ಷದ ಹೋಲಿಕೆಯೂ ಕೆಟ್ಟಿತು. ಇನ್ನೊಂದು ಸಂಗತಿಯನ್ನು ಪೋಷಕರು ಸಾಮಾನ್ಯವಾಗಿ ಗಮನಿಸುವುದಿಲ್ಲ: 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನದ್ದು. ಅವನ್ನು ಕೊಡುವವರು ನಾವೇ, ಶಾಲೆಯವರು. ಕೈಬಿಗಿ ಹಿಡಿಯುವ ಶಿಕ್ಷಕರು ಬಹಳ ಕಡಿಮೆ ಎಂಬುದನ್ನು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮೌಲ್ಯಮಾಪನದಲ್ಲಿ ಗಣಿತಕ್ಕೆ ಹಂತ ಹಂತವಾಗಿ ಅಂಕ ಹಂಚಿದ ಮಾದರಿ ಉತ್ತರ ಇರುವುದರಿಂದ ವ್ಯತ್ಯಾಸ ಕಡಿಮೆ, ಆದರೆ ಪ್ರಬಂಧಕ್ಕೆ ಇಬ್ಬರು ಮೌಲ್ಯಮಾಪಕರು ಒಂದೇ ಅಂಕ ಕೊಟ್ಟರೆ ಅದು ಆಕಸ್ಮಿಕವೇ. ಆದ್ದರಿಂದ ಒಂದೇ ವರ್ಷ ಬರೆದವರ ನಡುವೆ ಅಂಕಗಳಿಗೆ ತಕ್ಕಮಟ್ಟಿಗೆ ಅರ್ಥವಿದೆ. ಅಣ್ಣ ತಂಗಿಯರ ನಡುವೆ ಇಲ್ಲ.

ಉತ್ತರ 2 (ಪೋಷಕರು, ಯಾದಗಿರಿ):
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದೇ ವರ್ಷದೊಳಗಿನ ಹೋಲಿಕೆಯೂ ಅಷ್ಟು ಸರಳವಲ್ಲ. 2024ರಲ್ಲಿ ಉಡುಪಿ ಶೇ. 94, ನಮ್ಮ ಜಿಲ್ಲೆ ಶೇ. 50.59. ನಮ್ಮೂರ ಶಾಲೆಯಲ್ಲಿ ಆ ವರ್ಷ ವಿಜ್ಞಾನಕ್ಕೆ ಕಾಯಂ ಶಿಕ್ಷಕರೇ ಇರಲಿಲ್ಲ, ಅತಿಥಿ ಶಿಕ್ಷಕರು ಬಂದಾಗ ಅರ್ಧ ವರ್ಷ ಕಳೆದಿತ್ತು. ಕ್ಯಾಮೆರಾ ನಕಲನ್ನು ತಡೆಯಿತು, ಒಳ್ಳೆಯದೇ ಆಯಿತು. ಆದರೆ ಪಾಠವೇ ಆಗದ ವಿಷಯದಲ್ಲಿ ಮಗು ತೆಗೆದ ಅಂಕ ಅಳೆಯುವುದು ಮಗುವನ್ನೋ ಶಾಲೆಯನ್ನೋ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲವಲ್ಲ.

ಉತ್ತರ 3 (ಪೋಷಕರು, ಹಾಸನ):
ಮುಂದಿನ ಬಾರಿ ಅಂಕದ ಬಗ್ಗೆ ಅನುಮಾನ ಬಂದರೆ ಮೊದಲು ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿ, ವಿಷಯ ಶಿಕ್ಷಕರಿಗೆ ತೋರಿಸಿ, ಆಮೇಲೆ ಮರುಮೌಲ್ಯಮಾಪನದ ನಿರ್ಧಾರ ಮಾಡಿ. ಅರ್ಜಿಗೆ ಕೊಡುವ ಕಾಲಾವಕಾಶ ಕಡಿಮೆ. ನಾವು ಯೋಚಿಸುತ್ತಾ ಕುಳಿತು ಕೊನೆಯ ದಿನಾಂಕ ತಪ್ಪಿಸಿಕೊಂಡೆವು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮೇಡಂ ಅವರ ಉತ್ತರವನ್ನು ಮಗಳಿಗೆ ಓದಿಸಿದೆ. ಅಣ್ಣನಿಗೂ ಕಳುಹಿಸಬೇಕೆಂದು ಹಟ ಹಿಡಿದಿದ್ದಾಳೆ.