ಮೊದಲ ಬೈನಾಕ್ಯುಲರ್: 8×42 ಸಾಕಾ, 10×42 ಬೇಕಾ? ಬೂಸ್ಟು ಹಿಡಿದ ಹಳೇದನ್ನ ಏನು ಮಾಡೋದು?

ಪ್ರಶ್ನೆ
ಹಕ್ಕಿ ನೋಡೋಕೆ, ಚಾರಣಕ್ಕೂ ಆಗುವಂಥ ಮೊದಲ ಬೈನಾಕ್ಯುಲರ್ ತಗೋಬೇಕು. ಕನ್ನಡಕ ಹಾಕ್ತೀನಿ, ತೆಗೆದು ನೋಡೋಕೆ ಆಗಲ್ಲ. 8×42, 10×42, 10–30×50 ಜೂಮ್ ಮೂರೂ ಹೆಚ್ಚುಕಮ್ಮಿ ಒಂದೇ ಬೆಲೆಗಿವೆ. ಜೂಮ್ ಇದ್ರೆ ಎಲ್ಲದಕ್ಕೂ ಆಯ್ತಲ್ಲ ಅನ್ನಿಸ್ತಿದೆ. ಇನ್ನೊಂದು: ಮನೇಲಿರೋ ಹಳೇ 7×50ರ ಗಾಜಿನಲ್ಲಿ ಜೇಡರ ಬಲೆ ಥರ ಎಳೆ ಎಳೆ ಕಾಣುತ್ತೆ, ಒರೆಸಿದ್ರೂ ಹೋಗಲ್ಲ. ಬಳಸಿ ಗೊತ್ತಿರೋರು ಹೇಳಿ.

ಉತ್ತರ 1
ಜೂಮನ್ನು ಮೊದಲು ಕೈಬಿಡಿ. ಅದರಲ್ಲಿ ಎರಡೂ ಕೊಳವೆಯ ಮಸೂರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಜೊತೆಜೊತೆಗೇ ಸರಿಯಬೇಕು. ಅಗ್ಗದ್ದರಲ್ಲಿ ಹಾಗಾಗೋದಿಲ್ಲ. ಎಡಗಣ್ಣಿಗೊಂದು ಗಾತ್ರ, ಬಲಗಣ್ಣಿಗೊಂದು ಗಾತ್ರ ಕಂಡು ಹತ್ತು ನಿಮಿಷಕ್ಕೆ ತಲೆನೋವು ಶುರು. 30ಕ್ಕೆ ಏರಿಸಿದರೆ ಕೈನಡುಕವೂ 30 ಪಟ್ಟು ಕಾಣುತ್ತೆ, ಬೆಳಕೂ ಸೊರಗುತ್ತೆ.

ಬೆಳಕಿನ ಲೆಕ್ಕ ಸುಲಭ. 8×42 ಅಂದರೆ 8 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜು 42 ಮಿ.ಮೀ. ಅಗಲ ಅಂತ. ಆ ಗಾಜಿನ ಅಗಲವನ್ನು ಎಷ್ಟು ಪಟ್ಟು ಅನ್ನುವುದರಿಂದ ಭಾಗಿಸಿ. 50÷30 ಅಂದರೆ ಸುಮಾರು 1.7 ಮಿ.ಮೀ. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಅದು, ಎಕ್ಸಿಟ್ ಪ್ಯೂಪಿಲ್ ಅಂತಾರೆ. 8×42ಕ್ಕೆ 5.25, 10×42ಕ್ಕೆ 4.2. ಬಿಸಿಲಿನಲ್ಲಿ ನಮ್ಮ ಕಣ್ಣಪಾಪೆ ತೆರೆಯುವುದೇ 2–3 ಮಿ.ಮೀ., ಹಾಗಾಗಿ ನಡುಹಗಲಲ್ಲಿ ಎರಡೂ ಸಮ. ಮುಂಜಾವು, ಮುಸ್ಸಂಜೆ, ದಟ್ಟ ಮರದ ನೆರಳು ಬಂದಾಗ 8×42 ಮುಂದೆ ಹೋಗುತ್ತೆ. ನೋಟದ ಹರವೂ ಅಷ್ಟೆ: ಸಾವಿರ ಮೀಟರ್ ದೂರದಲ್ಲಿ 8× ಸುಮಾರು 130 ಮೀಟರ್ ಅಗಲ ತೋರಿಸಿದರೆ 10× 110ರ ಆಸುಪಾಸು. ಎಲೆಗಳ ನಡುವೆ ನಿಂತಲ್ಲಿ ನಿಲ್ಲದ ಪುಟ್ಟ ಹಕ್ಕಿಯನ್ನು ಹುಡುಕುವಾಗ ಈ 20 ಮೀಟರಿನ ಬೆಲೆ ಗೊತ್ತಾಗುತ್ತೆ.

ಉತ್ತರ 2
10×ನ ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಕೆರೆಯ ಆಚೆ ದಡ, ಎತ್ತರದಲ್ಲಿ ತೇಲುವ ಹದ್ದು, ಬಯಲು, ಇವಕ್ಕೆ ಅದೇ ಸರಿ. ನಡುಕಕ್ಕೆ ಹಿಡಿತ ಮದ್ದು: ಮೊಣಕೈ ಪಕ್ಕೆಗೆ ಒತ್ತಿ, ಹೆಬ್ಬೆರಳು ಕೆನ್ನೆಮೂಳೆಗೆ ಆನಿಸಿ, ಆಗದಿದ್ದರೆ ಮರಕ್ಕೆ ಒರಗಿ. 12× ದಾಟಿದರೆ ಮಾತ್ರ ಟ್ರೈಪಾಡ್ ಬೇಕೇ ಬೇಕು. ನಡುವಿನ ಕೀಲಿನ ಮುಂತುದಿಯ ಬಿರಡೆ ತಿರುಗಿಸಿ ತೆಗೆದರೆ ಅಡಾಪ್ಟರ್ ಸ್ಕ್ರೂಗೆ ರಂಧ್ರ ಇರುತ್ತೆ. ಎಲ್ಲ ಮಾದರಿಯಲ್ಲೂ ಇರೋದಿಲ್ಲ, ನೋಡಿಯೇ ತಗೊಳ್ಳಿ.

ಚಾರಣ ಅಂದಿರಿ, ತೂಕ ನೋಡಿದಿರಾ? 8×42 ಸಾಮಾನ್ಯವಾಗಿ 600–800 ಗ್ರಾಂ, 8×32 ಆದರೆ 450–600. ದಿನಪೂರ್ತಿ ಕುತ್ತಿಗೆಗೆ ನೇತುಹಾಕಿಕೊಳ್ಳುವವರಿಗೆ ಅದು ಸಣ್ಣ ವ್ಯತ್ಯಾಸವಲ್ಲ. ಹೆಗಲಿಗೆ ಭಾರ ಹಂಚುವ ಹಾರ್ನೆಸ್ ಪಟ್ಟಿ ಹಾಕಿದರೆ 42 ಕೂಡ ಹಗುರ ಅನ್ನಿಸುತ್ತೆ.

ಉತ್ತರ 3
ಕನ್ನಡಕದ ಮಾತನ್ನು ಯಾರೂ ಎತ್ತಲಿಲ್ಲವಲ್ಲ! ನಿಮ್ಮ ಮಟ್ಟಿಗೆ 8ಕ್ಕಿಂತ, 10ಕ್ಕಿಂತ ಮುಖ್ಯವಾದದ್ದು ಐ ರಿಲೀಫ್. ಹಿಂದಿನ ಗಾಜಿನಿಂದ ಎಷ್ಟು ದೂರದಲ್ಲಿ ಕಣ್ಣಿಟ್ಟರೆ ಪೂರ್ತಿ ವೃತ್ತ ಕಾಣುತ್ತೆ ಅನ್ನೋ ಅಳತೆ ಅದು. ಕನ್ನಡಕದವರಿಗೆ 16–18 ಮಿ.ಮೀ. ಬೇಕು. ಆದರೆ ಪೆಟ್ಟಿಗೆ ಮೇಲಿನ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಅಳತೆ ಶುರುವಾಗೋದು ಗಾಜಿನಿಂದ, ರಬ್ಬರ್ ಬಳೆಯ ಅಂಚಿನಿಂದಲ್ಲ. ಗಾಜು 2–3 ಮಿ.ಮೀ. ಒಳಗೆ ಕೂತಿದ್ದರೆ ಅಷ್ಟು ಅಲ್ಲೇ ಹೋಯಿತು. ಐಕಪ್ಪನ್ನು (ಅದೇ ರಬ್ಬರ್ ಬಳೆ) ಪೂರ್ತಿ ಕೆಳಗೆ ತಿರುಗಿಸಿ, ಕನ್ನಡಕದೊಂದಿಗೇ ನೋಡಿ. ವೃತ್ತದ ಕಪ್ಪು ಅಂಚು ಸುತ್ತಲೂ ಚೂಪಾಗಿ ಕಂಡರೆ ನಿಮಗೆ ಹೊಂದುತ್ತೆ. ಕೊಳವೆಯೊಳಗಿಂದ ಇಣುಕಿದಂತೆ ಕಂಡರೆ ಎಷ್ಟೇ ಒಳ್ಳೆಯ ಗಾಜಿದ್ದರೂ ಬೇಡ. ಐಕಪ್ ಮೇಲೆತ್ತೋದು ಕನ್ನಡಕ ಇಲ್ಲದವರಿಗೆ.

ಉತ್ತರ 4
ಕೈಗೆತ್ತಿಕೊಂಡಾಗ ಪರೀಕ್ಷೆ ಹೀಗೆ. ತೋಳು ಚಾಚಿ ಹಿಡಿದು ಆಕಾಶದ ಕಡೆ ತಿರುಗಿಸಿ (ಸೂರ್ಯನ ಕಡೆ ಯಾವತ್ತೂ ಬೇಡ, ಕಣ್ಣು ಹೋಗುತ್ತೆ), ಹಿಂದಿನ ಗಾಜಿನಲ್ಲಿ ಕಾಣುವ ಬೆಳಕಿನ ಚುಕ್ಕೆ ನೋಡಿ. ಗುಂಡಗೆ, ಅಂಚಿನವರೆಗೂ ಸಮನಾಗಿ ಬೆಳಗಿದ್ದರೆ ಸರಿ. ಪೋರೋ ಮಾದರಿಯಲ್ಲಿ (ಕೊಳವೆ ನೇರವಾಗಿರದೆ ಮೆಟ್ಟಿಲಿನಂತೆ ಪಕ್ಕಕ್ಕೆ ಸರಿದಿರುವ ಹಳೇ ಆಕಾರದ್ದು) ಬೂದು ಅಂಚಿನ ಚೌಕಾಕಾರ ಕಂಡರೆ, ಒಳಗಿನ ಪ್ರಿಸಂ (ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಗಾಜು) ಒಳ್ಳೆಯ ಬಿಎಕೆ4 ಗಾಜಿನದ್ದಲ್ಲ, ಅಗ್ಗದ ಬಿಕೆ7 ಗಾಜಿನದ್ದಿರಬಹುದು.

ಆಮೇಲೆ ವಿದ್ಯುತ್ ತಂತಿಯಂಥ ಅಡ್ಡಗೆರೆ ನೋಡುತ್ತಾ ಬೈನಾಕ್ಯುಲರನ್ನು ಮೆಲ್ಲಗೆ ಕಣ್ಣಿನಿಂದ ಒಂದು ಗೇಣು ಹಿಂದಕ್ಕೆ ಸರಿಸಿ. ಎರಡು ವೃತ್ತದಲ್ಲೂ ತಂತಿ ಒಂದೇ ಮಟ್ಟದಲ್ಲಿರಬೇಕು. ಮೇಲೆ ಕೆಳಗೆ ಆಗಿದ್ದರೆ ಕೊಳವೆಗಳ ಜೋಡಣೆ ತಪ್ಪಿದೆ. ಸ್ವಲ್ಪ ತಪ್ಪಿದ್ದನ್ನು ಮಿದುಳು ಸರಿಮಾಡಿಕೊಂಡು ನೋಡುತ್ತೆ, ಸಂಜೆಗೆ ಕಣ್ಣು ಸೋಲುತ್ತೆ. ಕಾರಣ ಗೊತ್ತಾಗದೆ ಕನ್ನಡಕದ ನಂಬರ್ ಬದಲಿಸಿಕೊಳ್ಳುವವರೂ ಇದ್ದಾರೆ.

ಗಾಜಿನ ಮೇಲೆ ಬೆಳಕು ಪ್ರತಿಫಲಿಸಿ ಹೋಗದಂತೆ ಬಳಿಯುವ ಲೇಪನದ ವಿಷಯದಲ್ಲಿ ‘ಫುಲ್ಲಿ ಮಲ್ಟಿ-ಕೋಟೆಡ್’ ಅಂತ ಪೂರ್ತಿ ಬರೆದಿರಬೇಕು. ಬರೀ ‘ಕೋಟೆಡ್’ ಅಂದರೆ ಒಂದೆರಡು ಗಾಜಿಗೆ ಬಳಿದು ಕೈತೊಳೆದುಕೊಂಡಿದ್ದಾರೆ ಅಂತ. ಕೆಂಪಗೆ ಮಾಣಿಕ್ಯದಂತೆ ಹೊಳೆಯುವ ಗಾಜಿಗೆ ಮರುಳಾಗಬೇಡಿ, ಅದು ಕೆಂಪು ಬೆಳಕನ್ನು ಹೊರಗೆ ಎಸೆದು ನೋಟವನ್ನು ಹಸಿರುಮಂಜಾಗಿಸುತ್ತೆ. ನೇರ ಕೊಳವೆಯ ರೂಫ್ ಪ್ರಿಸಂ ಆದರೆ ‘ಫೇಸ್ ಕೋಟಿಂಗ್’ (ಚಿತ್ರ ಮಸುಕಾಗದಂತೆ ಪ್ರಿಸಂಗೆ ಬಳಿಯುವ ಲೇಪನ) ಇದೆಯಾ ಕೇಳಿ. ಅದಿಲ್ಲದ ರೂಫ್‌ಗಿಂತ ಅದೇ ಬೆಲೆಯ ಪೋರೋ ಹೆಚ್ಚು ಚೂಪಾಗಿ ತೋರಿಸುತ್ತೆ, ನೋಡೋಕೆ ದಪ್ಪಗಿದ್ದರೂ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. 17 ಮಿ.ಮೀ. ಐ ರಿಲೀಫ್ ಇರೋ 8×42 ಕನ್ನಡಕಕ್ಕೆ ಹೊಂದಿತು. ಆದ್ರೆ ಎಡಗಣ್ಣಿಗೆ ಚೂಪಾಗಿದ್ದಾಗ ಬಲಗಣ್ಣಿಗೆ ಮಸುಕು. ಪೀಸೇ ಸರಿಯಿಲ್ವಾ?

ಉತ್ತರ 5
ಪೀಸ್ ಸರಿಯಾಗೇ ಇರುತ್ತೆ, ಡಯಾಪ್ಟರ್ (ಎರಡು ಕಣ್ಣಿನ ನೋಟದ ವ್ಯತ್ಯಾಸ ಸರಿದೂಗಿಸುವ ಬಳೆ) ಹೊಂದಿಸಿಲ್ಲ ಅಷ್ಟೆ. ಮೊದಲು ನಡುವಿನ ಕೀಲು ಮಡಚಿ ಎರಡು ವೃತ್ತ ಒಂದಾಗುವ ಹಾಗೆ ಮಾಡಿ. 20–30 ಮೀಟರ್ ದೂರದ ಬೋರ್ಡಿನ ಅಕ್ಷರ ಆರಿಸಿಕೊಳ್ಳಿ. ಬಲಗಡೆಯ ಮುಂದಿನ ಗಾಜಿಗೆ ಮುಚ್ಚಳ ಹಾಕಿ. ಬಲಗಣ್ಣು ಮುಚ್ಚಬೇಡಿ, ಒಂದು ಕಣ್ಣು ಕಿವುಚಿದರೆ ಇನ್ನೊಂದೂ ಬಿಗಿಯುತ್ತೆ. ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಚೂಪಾಗಲಿ. ಈಗ ಮುಚ್ಚಳ ಎಡಕ್ಕೆ. ಚಕ್ರ ಮುಟ್ಟದೆ, ಬಲಗಡೆಯ ಡಯಾಪ್ಟರ್ ಬಳೆಯನ್ನು ಒಂದು ತುದಿಗೆ ಒಯ್ದು ಅಲ್ಲಿಂದ ನಿಧಾನಕ್ಕೆ ತನ್ನಿ. ಅಕ್ಷರ ಚೂಪಾದ ತಕ್ಷಣ ನಿಲ್ಲಿಸಿ, ದಾಟಿಸಿ ಹಿಂದೆ ಮುಂದೆ ಆಡಿಸಬೇಡಿ. ಎರಡು ಮೂರು ಸಲ ಮಾಡಿ ಒಂದೇ ಜಾಗ ಬಂದರೆ ಆ ಗುರುತು ನೆನಪಿಟ್ಟುಕೊಳ್ಳಿ. ಇನ್ನು ಮೇಲೆ ಚಕ್ರ ಮಾತ್ರ. ಕೆಲವು ಮಾದರಿಗಳಲ್ಲಿ ಡಯಾಪ್ಟರ್ ನಡುಚಕ್ರದಲ್ಲೇ ಇರುತ್ತೆ, ಹೊರಗೆಳೆದರೆ ಸಿಗುತ್ತೆ.

ಉತ್ತರ 6
ಹಳೇ 7×50ರದ್ದು ಬೂಸ್ಟು. ತೇವ 60–70% ದಾಟಿದ ಗಾಳಿಯಲ್ಲಿ, ಕತ್ತಲಲ್ಲಿ ಸುಮ್ಮನೆ ಇಟ್ಟರೆ ಬರುತ್ತೆ. ಎಳೆಗಳಿಂದ ಜಿನುಗುವ ಆಮ್ಲ ಲೇಪನವನ್ನು, ಕೊನೆಗೆ ಗಾಜನ್ನೂ ತಿನ್ನುತ್ತೆ. ಆಮೇಲೆ ಬೂಸ್ಟು ತೆಗೆದರೂ ಗೆರೆ ಉಳಿಯುತ್ತೆ. ಹಾಗಾಗಿ ಕಂಡ ಕೂಡಲೇ ರಿಪೇರಿಯವರಿಗೆ ಕೊಡಿ. ನೀವೇ ಬಿಚ್ಚಬೇಡಿ. ಪ್ರಿಸಂ ಕೂದಲಷ್ಟು ಕದಲಿದರೂ ಮೇಲೆ ಹೇಳಿದ ತಂತಿ ಪರೀಕ್ಷೆಯಲ್ಲಿ ಫೇಲ್. ಬಿಸಿಲಿಗಿಟ್ಟರೆ ಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಬೂಸ್ಟು ಸತ್ತರೂ ಎಳೆ ಅಲ್ಲೇ ಇರುತ್ತೆ, ಮೇಲಾಗಿ ಗ್ರೀಸ್ ಕರಗಿ ಗಾಜಿಗೆ ಹರಿಯುತ್ತೆ.

ಹೊಸದಕ್ಕೆ ಈಗಿನಿಂದಲೇ ಜಾಗ ಮಾಡಿ: ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು, ಪುಟ್ಟ ತೇವಮಾಪಕ. ಮುಳ್ಳು 40–50% ನಡುವೆ ಇರಲಿ, ಇನ್ನೂ ಒಣಗಿಸುವ ಅಗತ್ಯವಿಲ್ಲ. ಕಿತ್ತಳೆ ಹರಳು ಹಸಿರಾದರೆ ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಮೂರು ಗಂಟೆ ಕಾಯಿಸಿ, ಮತ್ತೆ ಕಿತ್ತಳೆಯಾಗುತ್ತೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅಡುಗೆ ಪಾತ್ರೆಯ ಹತ್ತಿರ ತರಬೇಡಿ. ಅಕ್ಕಿಯಲ್ಲಿ ಹೂತಿಡುವ ಉಪಾಯವೂ ಬೇಡ, ಹಿಟ್ಟಿನಂಥ ದೂಳು ಸಂದಿಗೆ ಹೋಗುತ್ತೆ. ಜೊತೆಗೆ ಬಂದ ಚರ್ಮದ ಚೀಲ ಪ್ರಯಾಣಕ್ಕೆ ಇರಲಿ, ತಿಂಗಳುಗಟ್ಟಲೆ ಅದರೊಳಗೆ ಇಟ್ಟರೆ ಬೂಸ್ಟಿಗೆ ಮನೆ ಕಟ್ಟಿಕೊಟ್ಟಂತೆ.

ಒಂದು ಮಾತು: ನೈಟ್ರೋಜನ್ ತುಂಬಿದ್ದು, ವಾಟರ್‌ಪ್ರೂಫ್ ಅಂದರೆ ಒಳಗೆ ಮಂಜು ಕಟ್ಟೋದಿಲ್ಲ ಅಂತ ಅಷ್ಟೇ. ಹೊರಗಿನ ಗಾಜಿಗೆ ಬೂಸ್ಟು ಬರಬಹುದು. ಎಸಿ ಕೋಣೆಯಿಂದ ಹೊರಗಿನ ಸೆಕೆಗೆ ತಂದಾಗ ಹನಿ ಕಟ್ಟೋದೂ ಹೊರಗೇ. ಚೀಲದ ಜಿಪ್ ಹಾಕಿ 20–30 ನಿಮಿಷ ಬಿಡಿ, ಆಮೇಲೆ ತೆಗೆಯಿರಿ.

ಉತ್ತರ 7
ಒರೆಸುವ ಬಗ್ಗೆ. ಗಾಜು ಹಾಳಾಗೋದು ದೂಳಿನಿಂದಲ್ಲ, ದೂಳಿನ ಸಮೇತ ಅಂಗಿ ಚುಂಗಿನಲ್ಲಿ ಉಜ್ಜೋದರಿಂದ. ಮೊದಲು ಮುಂಭಾಗ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಊದಿ, ಮೆತ್ತನೆ ಬ್ರಷ್ ಆಡಿಸಿ. ಇಷ್ಟಕ್ಕೇ ಸಾಕಾಗುತ್ತೆ ಎಷ್ಟೋ ಸಲ. ಬೆರಳಚ್ಚು, ಎಣ್ಣೆ ಇದ್ದರೆ ಮಾತ್ರ ಲೆನ್ಸ್ ದ್ರವ ಎರಡು ಹನಿ, ಅದೂ ಬಟ್ಟೆಗೆ, ಗಾಜಿಗಲ್ಲ. ನೇರ ಹಾಕಿದರೆ ಅಂಚಿನಿಂದ ಒಳಗಿಳಿಯುತ್ತೆ. ನಡುವಿನಿಂದ ಹೊರಕ್ಕೆ ಸುರುಳಿಯಾಗಿ, ಒತ್ತದೆ ಒರೆಸಿ. ಸಮುದ್ರದ ಉಪ್ಪುಗಾಳಿ ತಾಗಿ, ಪೀಸು ನಿಜಕ್ಕೂ ವಾಟರ್‌ಪ್ರೂಫ್ ಆಗಿದ್ದರೆ ಸಣ್ಣ ಧಾರೆ ನಲ್ಲಿ ನೀರಿನಲ್ಲಿ ತೊಳೆದು ಒಣಗಿಸಬಹುದು.

ಸೊಳ್ಳೆ ಓಡಿಸುವ ಡೀಟ್ ಸ್ಪ್ರೇ ಹಾಕಿದ ಕೈಯಿಂದ ಮುಟ್ಟಬೇಡಿ. ರಬ್ಬರನ್ನೂ ಪ್ಲಾಸ್ಟಿಕ್ಕನ್ನೂ ಅದು ಕರಗಿಸಿ ಅಂಟಂಟು ಮಾಡುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮುಚ್ಚಳವಿಲ್ಲದೆ ಇಡೋದೂ ಬೇಡ. ಮುಂದಿನ ಗಾಜು ಸೂರ್ಯನ ಕಡೆ ಇದ್ದರೆ ಅದೇ ಭೂತಗನ್ನಡಿ, ಹಿಂದೆ ಹತ್ತಿರದಲ್ಲಿರುವ ವಸ್ತು ಸುಡಬಹುದು.