ಕೇಕ್ ಖಾಲಿಯಾಗುತ್ತೆ, ಇಲಿ ಕಮ್ಮಿಯಾಗಲ್ಲ: ಬ್ರೋಮೋಡಿಯೋಲೋನ್ ಪರೀಕ್ಷೆ ಮಾಡೋದು ಹೇಗೆ?

ಮದ್ದೂರು_ಬಯಲು:
ನಾಲೆ ಪಕ್ಕದ ಭತ್ತದ ಗದ್ದೆ, ನಾಟಿಯಾಗಿ ಒಂದು ತಿಂಗಳು. ಬದುವಿನ ತುಂಬ ಬಿಲ. ಶೇ 0.005ರ ಬ್ರೋಮೋಡಿಯೋಲೋನ್ (ಇಲಿ ಪಾಷಾಣ) ಕೇಕ್ ಇಟ್ಟರೆ ಎರಡೇ ರಾತ್ರಿಗೆ ಖಾಲಿ. ಆದರೂ ಹೊಸ ಮಣ್ಣು ಬೀಳ್ತಾನೇ ಇದೆ, ಸತ್ತ ಇಲಿ ಒಂದೂ ಕಂಡಿಲ್ಲ. ಔಷಧಿ ಸರಿಯಿಲ್ವಾ, ಇಲಿಗೇ ಒಗ್ಗಿಹೋಗಿದೆಯಾ? ತಿಳಿದವರು ಹೇಳಿ.

ಬದು_ನೋಟ:
ಅಣ್ಣ, ಸತ್ತ ಇಲಿ ಎಣಿಸಿ ತೀರ್ಮಾನಕ್ಕೆ ಬರಬೇಡಿ. ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಔಷಧಿ. ಮೈಯಲ್ಲಿ ಮೊದಲೇ ಇರೋ ಹೆಪ್ಪುಗಟ್ಟಿಸುವ ಅಂಶ ಮುಗಿಯೋ ತನಕ ಇಲಿ ಓಡಾಡಿಕೊಂಡೇ ಇರುತ್ತೆ; ಸಾಯೋಕೆ ನಾಲ್ಕಾರು ದಿನ, ಕೆಲವಕ್ಕೆ ಹತ್ತು ದಿನ ಬೇಕು. ಸಾಯೋದೂ ಬಹುಪಾಲು ಬಿಲದೊಳಗೇ.

ಎಣಿಸಬೇಕಾದ್ದು ಜೀವಂತ ಬಿಲ. ಸಂಜೆ ಎಲ್ಲ ಬಾಯಿ ಮುಚ್ಚಿ, ಮಣ್ಣಿನ ಗುಡ್ಡೆ ತಟ್ಟಿ ಸಮ ಮಾಡಿ. ಬೆಳಗ್ಗೆ ತೆರೆದಿರೋದನ್ನೂ ಹಸಿ ಮಣ್ಣು ಹೊಸದಾಗಿ ತಳ್ಳಿರೋದನ್ನೂ ಲೆಕ್ಕ ಹಿಡಿಯಿರಿ. ಬದು ಕೊರೆಯೋ ಸಣ್ಣ ಹೆಗ್ಗಣ ಬಾಯಿಗೆ ತಾನೇ ಮಣ್ಣು ಮುಚ್ಚಿಕೊಳ್ಳುತ್ತೆ, ತೆರೆದ ಬಿಲ ಮಾತ್ರ ನೋಡಿದರೆ ಎಷ್ಟೋ ಬಿಟ್ಟುಹೋಗುತ್ತೆ.

ದೂರದ ಒಂದು ಬದುವಿಗೆ ಔಷಧಿ ಹಾಕದೆ ಅಲ್ಲೂ ಅದೇ ದಿನಗಳಲ್ಲಿ ಎಣಿಸಿ. ಇದನ್ನ ಬಿಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ. ಹಾಕಿದ ಕಡೆ 40 ಇದ್ದದ್ದು 10ಕ್ಕೆ ಇಳಿದರೆ ಶೇ 75 ಹತೋಟಿ ಅನ್ನಿಸುತ್ತೆ. ಆದರೆ ನೀರು ಬಿಟ್ಟು ಬದು ನೆಂದರೂ ಇಲಿ ಜಾಗ ಖಾಲಿ ಮಾಡುತ್ತೆ. ಹಾಕದ ಕಡೆಯೂ 30 ಇದ್ದದ್ದು 20 ಆಗಿದ್ದರೆ, ನಿಮ್ಮ 40 ಹೇಗಿದ್ದರೂ 26–27ಕ್ಕೆ ಬರ್ತಿತ್ತು. ಅದರಲ್ಲಿ 10 ಉಳಿದಿದೆ ಅಂದರೆ ಔಷಧಿಯ ಕೆಲಸ ಶೇ 62.5 ಅಷ್ಟೇ.

ಇನ್ನು, ಖಾಲಿಯಾದದ್ದೆಲ್ಲ ತಿಂದದ್ದಲ್ಲ. ಈ ಹೆಗ್ಗಣ ಭತ್ತದ ತೆನೆಯನ್ನೇ ಬಿಲದಲ್ಲಿ ಕೂಡಿಡುತ್ತೆ, ಕೇಕ್ ಚೂರು ಬಿಟ್ಟೀತಾ? ಗ್ಲೌಸ್ ಹಾಕಿ ಒಂದು ಬಿಲ ಅಗೆದು ನೋಡಿ.

ಗೋದಾಮು_ಕಾವಲು:
ಕೇಕ್ ಬದಲು ಕಾಳಿನ ಪಾಷಾಣ ಮಾಡಿ, ಹೊತ್ತೊಯ್ಯೋದು ಕಷ್ಟವಾಗುತ್ತೆ. ಅಕ್ಕಿ ನುಚ್ಚು 960 ಗ್ರಾಂ, ಕಡಲೆಕಾಯಿ ಎಣ್ಣೆ 20 ಗ್ರಾಂ, ಶೇ 0.25ರ ಬ್ರೋಮೋಡಿಯೋಲೋನ್ ಪುಡಿ 20 ಗ್ರಾಂ. ಸೇರಿದರೆ ಅದೇ ಶೇ 0.005. ಎಣ್ಣೆ ಮೊದಲು ನುಚ್ಚಿಗೆ ಸವರಿ, ಆಮೇಲೆ ಪುಡಿ. ಒಣ ನುಚ್ಚಿಗೆ ಪುಡಿ ಹಾಕಿದರೆ ತಳಕ್ಕಿಳಿದು ಮೇಲಿನ ಪೊಟ್ಟಣದಲ್ಲಿ ಬರೀ ಅಕ್ಕಿ ಇರುತ್ತೆ. 15 ಗ್ರಾಂ ಪೊಟ್ಟಣ ಕಟ್ಟಿ ಬಿಲದ ಒಳಕ್ಕೆ ತಳ್ಳಿ.

ಇಷ್ಟಪಟ್ಟು ತಿನ್ನುತ್ತಾ ಅಂತ ನೋಡೋಕೆ ಗೋದಾಮಿನಲ್ಲಿ ಎರಡು ತಟ್ಟೆ ಅಕ್ಕಪಕ್ಕ ಇಡಿ: ಒಂದರಲ್ಲಿ ಎಣ್ಣೆ ಸವರಿದ ಬರೀ ನುಚ್ಚು, ಇನ್ನೊಂದರಲ್ಲಿ ಪಾಷಾಣ. ದಿನಾ ಬೆಳಗ್ಗೆ ತೂಗಿ, ಜಾಗ ಅದಲುಬದಲು ಮಾಡಿ. ಇಲ್ಲದಿದ್ದರೆ ಇಲಿಗೆ ರುಚಿ ಹಿಡಿಸಿತೋ ಮೂಲೆ ಹಿಡಿಸಿತೋ ತಿಳಿಯಲ್ಲ. ಇಲಿ ಮುಟ್ಟದ ಜಾಲರಿ ಪೆಟ್ಟಿಗೆಯಲ್ಲೂ ಅಷ್ಟೇ ಪಾಷಾಣ ಇಟ್ಟು ತೂಗಿ. ರಾತ್ರಿ ತೇವಕ್ಕೆ ಅದು ತೂಕ ಏರಿದ್ದರೆ ಆ ಲೆಕ್ಕ ಸರಿಪಡಿಸಬೇಕು.

ಮೈಸೂರು_ಪ್ರಯೋಗ:
ಇಲಿ ಒಗ್ಗಿದೆ ಅನ್ನೋದು ಕೊನೆಯ ಮಾತಾಗಿರಲಿ. ಅಂಥ ಇಲಿಗಳು ಇರೋದು ನಿಜ. ಇದೇ ಬಗೆಯ ಹಳೆಯ ಇಲಿ ಪಾಷಾಣ ವಾರ್ಫರಿನ್‌ಗೆ ಬಗ್ಗದವು 1958ರಲ್ಲೇ ಸ್ಕಾಟ್ಲೆಂಡಿನಲ್ಲಿ ಸಿಕ್ಕವು. ಆದರೆ ಹಾಗನ್ನೋಕೆ ಹಿಡಿದ ಇಲಿಯನ್ನ ಒಂದೊಂದಾಗಿ ಬೋನಿನಲ್ಲಿಟ್ಟು, ಅಳೆದ ಪಾಷಾಣ ಬಿಟ್ಟು ಬೇರೇನೂ ಕೊಡದೆ, ತಿಂದದ್ದನ್ನ ತೂಗಿ, ವಾರಗಟ್ಟಲೆ ಕಾಯಬೇಕು. ಅದು ಪ್ರಯೋಗಾಲಯದ ಕೆಲಸ. ಗದ್ದೆಯಲ್ಲಿ ಸೋಲೋಕೆ ಸಾಮಾನ್ಯ ಕಾರಣ ಪಾಷಾಣ ಸಾಲದೆ ಹೋಗೋದು, ಇಲ್ಲ ಪಕ್ಕದ ಗದ್ದೆಯಿಂದ ಹೊಸವು ಬರೋದು.

ಮಕ್ಕಳು, ನಾಯಿ, ಕೋಳಿಗೆ ಸಿಗದ ಹಾಗೆ ನೋಡಿಕೊಳ್ಳಿ. ಸತ್ತ ಇಲಿಯನ್ನ ಆಳಕ್ಕೆ ಹೂಳಿ; ಅದನ್ನ ತಿಂದ ಗೂಬೆಗೂ ನಾಯಿಗೂ ಅಪಾಯ. ಯಾರಾದರೂ ನುಂಗಿದರೆ ರಕ್ತ ಬರೋ ತನಕ ಕಾಯದೆ ಕವರ್ ಸಮೇತ ಆಸ್ಪತ್ರೆಗೆ ಹೋಗಿ. ಇದಕ್ಕೆ ಮದ್ದು ವಿಟಮಿನ್ ಕೆ1.

ಮದ್ದೂರು_ಬಯಲು:
ಮತ್ತೆ ಎಣಿಸೋದು ಯಾವಾಗ?

ಬದು_ನೋಟ:
ಕೊನೆಯ ಪೊಟ್ಟಣ ಇಟ್ಟ 12–15 ದಿನಕ್ಕೆ, ಮೊದಲಿನ ಹಾಗೇ ಮುಚ್ಚಿ. ಅಂಚಿನ ಬದುವಿನ ಲೆಕ್ಕ ಬೇರೆ ಬರೆಯಿರಿ, ಹೊರಗಿನವು ಮೊದಲು ಸೇರೋದು ಅಲ್ಲೇ. ಪೊಟ್ಟಣ ಇಡೋ ಕೆಲಸ ಈಗಲೇ ಆಗಲಿ. ಹಾಲುಗಾಳು ಕಟ್ಟಿದ ಮೇಲೆ ಇಲಿ ತೆನೆ ಬಿಟ್ಟು ನುಚ್ಚಿಗೆ ಬರಲ್ಲ.