ಸಮುದ್ರದ ಹತ್ತಿರ ಟೆಂಟ್ ಹಾಕಿ ಉಳಿಯಬೇಕು, ತುಮಕೂರಿನಿಂದ ಹೋಗಿ ಬಂದವರು ಸ್ವಲ್ಪ ಹೇಳಿ

ಕ್ಯಾತಸಂದ್ರದಿಂದ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಲ್ಲಿ ಒಂದಿಷ್ಟು ರಜೆ ಹೊಂದಿಸಿಕೊಂಡು ನಾವು, ನನ್ನ ತಂಗಿ ಮನೆಯವರು ಸೇರಿ ಗೋಕರ್ಣದ ಕಡೆ ಹೋಗೋಣ ಅಂತಿದ್ದೇವೆ. ಲಾಡ್ಜ್ ಬೇಡ, ಅಲೆ ಸದ್ದು ಕೇಳುತ್ತಾ ಟೆಂಟ್‌ನಲ್ಲೇ ಮಲಗಬೇಕು ಅಂತ ಮಕ್ಕಳ ಹಟ. ಟೆಂಟ್ ತಗೊಂಡಾಯ್ತು. ದೇವರಾಯನದುರ್ಗದ ಹತ್ತಿರ ನೆಂಟರ ತೋಟದಲ್ಲಿ ಹಾಕಿ ನೋಡಿದ್ದೇವೆ, ಚೆನ್ನಾಗಿ ನಿಂತಿತು. ಆದರೆ ಅಲ್ಲಿರೋದು ಗಟ್ಟಿ ಕೆಂಪು ಮಣ್ಣು, ಮರಳಿನಲ್ಲಿ ಗೂಟ ನಿಲ್ಲುತ್ತಾ?

ಬೀಚ್ ಮೇಲೇ ಟೆಂಟ್ ಹಾಕೋಕೆ ಬಿಡ್ತಾರಾ ಅಥವಾ ಕ್ಯಾಂಪ್ ಜಾಗ ಬುಕ್ ಮಾಡಬೇಕಾ? ಕಾರಿನಲ್ಲಿ ಯಾವ ದಾರಿ ಒಳ್ಳೆಯದು? ನಮ್ಮತ್ತೆಯವರೂ ಬರ್ತಾರೆ, ಅವರಿಗೆ ಮಂಡಿ ನೋವು. ನಮ್ಮ ಮನೆಯವರು, ಭಾವ ಇಬ್ಬರೂ ಬಾವಿಯಲ್ಲಿ ಈಜು ಕಲಿತವರು, ಸಮುದ್ರದ ಅಂದಾಜು ನಮ್ಮಲ್ಲಿ ಯಾರಿಗೂ ಇಲ್ಲ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಶಿರಾಗೇಟ್ ಸವಾರ:

ಅಕ್ಕ, ಮೊದಲು ಜಾಗದ ವಿಷಯ. ಬೀಚ್ ಮರಳಿನ ಮೇಲೇ ಟೆಂಟ್ ಹಾಕೋ ಯೋಚನೆ ಬಿಟ್ಟುಬಿಡಿ. ಹೊನ್ನಾವರದ ಕಾಸರಕೋಡು, ಉಡುಪಿ ಕಡೆಯ ಪಡುಬಿದ್ರಿ ಇವೆರಡು ಬೀಚ್‌ಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ. ಬೀಚ್ ಮೇಲೆ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ, ಗಾಡಿ ಇಳಿಸುವಂತಿಲ್ಲ ಅನ್ನೋದು ಆ ಮಾನ್ಯತೆಯ ಷರತ್ತಿನಲ್ಲೇ ಇದೆ. ಉಳಿದ ಕಡೆಯೂ ಕೇಳದೆ ಹಾಕಿದರೆ ನಡುರಾತ್ರಿ ಎಬ್ಬಿಸಿ ಕಳಿಸಬಹುದು, ಮಕ್ಕಳನ್ನು ಕಟ್ಟಿಕೊಂಡು ಆಗ ಎಲ್ಲಿಗೆ ಹೋಗ್ತೀರಿ? ದಡದ ಹಿಂದೆ, ಮರಗಳ ನೆರಳಿನಲ್ಲಿ ಟೆಂಟ್‌ಗೆ ಜಾಗ ಕೊಡೋ ಕ್ಯಾಂಪ್‌ಗಳು ಗೋಕರ್ಣದ ಸುತ್ತ ಇವೆ. ಅಂಥ ಕಡೆ ಮೊದಲೇ ಫೋನ್ ಮಾಡಿ ಬುಕ್ ಮಾಡಿ. ಡಿಸೆಂಬರ್ ಕೊನೆ ಅಂದರೆ ವರ್ಷದಲ್ಲೇ ಜಾಸ್ತಿ ಜನ ಬರೋ ಹೊತ್ತು.

ಫೋನ್‌ನಲ್ಲಿ ಕೇಳಬೇಕಾದ್ದು ಬಾಡಿಗೆ ಒಂದೇ ಅಲ್ಲ. ಟಾಯ್ಲೆಟ್ ಟೆಂಟ್‌ನಿಂದ ಎಷ್ಟು ದೂರ, ಸ್ನಾನಕ್ಕೆ ಸಿಹಿನೀರು ಇದೆಯಾ, ರಾತ್ರಿ ಕಾವಲಿಗೆ ಯಾರಾದರೂ ಇರ್ತಾರಾ, ಕಾರು ಎಲ್ಲಿವರೆಗೆ ಬರುತ್ತೆ ಅಂತ ಕೇಳಿ. ಅತ್ತೆಯವರ ದೃಷ್ಟಿಯಿಂದ ಕೊನೆಯದೇ ಮುಖ್ಯ. ಓಂ ಬೀಚ್‌ಗೆ ಕಾರು ಮೇಲಿನವರೆಗೆ ಹೋಗುತ್ತೆ, ಅಲ್ಲಿಂದ ಮೆಟ್ಟಿಲು ಇಳಿಯಬೇಕು. ಹಾಫ್ ಮೂನ್, ಪ್ಯಾರಡೈಸ್ ಎರಡಕ್ಕೂ ನಡೆದೇ ಹೋಗಬೇಕು ಇಲ್ಲ ದೋಣಿ ಹತ್ತಬೇಕು, ಅವರಿಗೆ ಆಗಲ್ಲ. ಅವರಿಗೊಂದು ರೂಮ್ ಇರೋ ಕ್ಯಾಂಪೇ ಹುಡುಕಿ. ನೆಲದ ಮೇಲೆ ಮಲಗಿ ಏಳೋದು ಮಂಡಿ ನೋವಿಗೆ ದೊಡ್ಡ ಕಷ್ಟ.

ದಾರಿ ಸುಲಭ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಆಮೇಲೆ ಗೇರುಸೊಪ್ಪ ಘಾಟಿ ಇಳಿದರೆ ಹೊನ್ನಾವರ. ಹಳೇ 206ನೇ ಹೆದ್ದಾರಿ ತುಮಕೂರಿನಿಂದ ಹೊನ್ನಾವರಕ್ಕೇ ಇದ್ದದ್ದು, 360 ಕಿ.ಮೀ. ಚಿಲ್ಲರೆ. ಅಲ್ಲಿಂದ ಕುಮಟಾ ದಾಟಿದರೆ ಗೋಕರ್ಣ. ಬೆಳಗಿನ ಜಾವ ಹೊರಡಿ, ಘಾಟಿಯನ್ನು ಬೆಳಕಿರುವಾಗಲೇ ಇಳಿಯಿರಿ. ಕತ್ತಲಲ್ಲಿ ಹೊಸ ಜಾಗಕ್ಕೆ ಹೋಗಿ ಟೆಂಟ್ ಕಟ್ಟೋ ಕಷ್ಟ ಯಾರಿಗೂ ಬೇಡ.

ಮಧುಗಿರಿ ಮೂಲ, ಈಗ ಕುಮಟಾ:

ಮೇಲಿನವರು ಹೇಳಿದ್ದು ಸರಿ. ಮರಳಿನ ವಿಷಯ ನಾನು ಹೇಳ್ತೀನಿ ಮೇಡಂ.

ಟೆಂಟ್ ಜೊತೆ ಬರೋ ತೆಳ್ಳನೆ ಗೂಟ ಮರಳಿನಲ್ಲಿ ನಿಲ್ಲಲ್ಲ, ಒಂದು ಗಾಳಿಗೆ ಎದ್ದು ಬರುತ್ತೆ. ಮನೆಯಲ್ಲಿ ಅಕ್ಕಿ ತಂದ ಸಣ್ಣ ಚೀಲಗಳಿದ್ದರೆ ತನ್ನಿ. ಅದಕ್ಕೆ ಮರಳು ತುಂಬಿ, ಬಾಯಿ ಬಿಗಿದು, ಟೆಂಟ್ ಹಗ್ಗವನ್ನು ಚೀಲದ ನಡುವಿಗೆ ಕಟ್ಟಿ, ಮೊಳದಷ್ಟು ಆಳ ಗುಂಡಿ ತೋಡಿ ಹೂತುಬಿಡಿ. ಮೇಲೆ ಮರಳು ಎಳೆದು ಕಾಲಲ್ಲಿ ಚೆನ್ನಾಗಿ ತುಳಿಯಿರಿ. ನಾಲ್ಕು ಮೂಲೆಗೂ ಹೀಗೆ ಮಾಡಿದರೆ ಅಲ್ಲಾಡಲ್ಲ. ಬರುವಾಗ ಮರಳು ಸುರಿದು ಚೀಲ ವಾಪಸ್ ತನ್ನಿ.

ಗಾಳಿ ನೋಡಿಕೊಂಡು ಬಾಗಿಲು ಇಡಿ. ಮಧ್ಯಾಹ್ನದಿಂದ ಸಂಜೆವರೆಗೆ ಕಡಲಿನಿಂದ ನೆಲದ ಕಡೆ ಬೀಸುತ್ತೆ. ರಾತ್ರಿ ನೆಲ ಬೇಗ ತಣಿಯೋದರಿಂದ ಗಾಳಿ ತಿರುಗಿ ಕಡಲ ಕಡೆಗೆ ಹೋಗುತ್ತೆ. ಸಂಜೆ ಗಾಳಿಗೇ ಜೋರು ಜಾಸ್ತಿ, ಆಗಲೇ ಮರಳು ಒಳಗೆ ನುಗ್ಗೋದು. ಹಾಗಾಗಿ ಕಡಲಿಗೆ ಟೆಂಟ್‌ನ ಬೆನ್ನು ಕೊಡಿ. ಇನ್ನೊಂದು, ತುಮಕೂರಿನ ಚಳಿ ಒಣ ಚಳಿ, ಇಲ್ಲಿ ಡಿಸೆಂಬರ್‌ನಲ್ಲೂ ಗಾಳಿ ಒದ್ದೆ. ಚಳಿ ಅಂತ ಟೆಂಟ್ ಕಿಟಕಿ ಪೂರ್ತಿ ಮುಚ್ಚಿ ಮಲಗಿದರೆ ನಮ್ಮ ಉಸಿರೇ ಬಟ್ಟೆಗೆ ಹತ್ತಿ ಬೆಳಗಿನ ಜಾವ ಹನಿಹನಿಯಾಗಿ ಹಾಸಿಗೆ ಮೇಲೆ ಬೀಳುತ್ತೆ. ಎದುರುಬದುರು ಎರಡು ಕಡೆ ಸ್ವಲ್ಪ ತೆರೆದಿಡಿ, ಸೊಳ್ಳೆ ಪರದೆ ಮಾತ್ರ ಎಳೆಯಿರಿ. ತೆಂಗಿನ ಮರದ ಕೆಳಗೆ ಮಲಗಬೇಡಿ ಅಂತ ತುಮಕೂರು ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಸರ್ವೆ ಮರ ಇಲ್ಲಿ ಬೇಕಾದಷ್ಟಿದೆ, ಇಲ್ಲಿನವರು ಗಾಳಿ ಮರ ಅಂತಾರೆ. ಒಣಕೊಂಬೆ ಇಲ್ಲದ ಮರ ನೋಡಿಕೊಂಡು ಅದರ ಕೆಳಗೆ ಹಾಕಿ.

ನೀರು ಎಲ್ಲಿವರೆಗೆ ಬರುತ್ತೆ ಅಂತ ತಿಳಿಯೋಕೆ ಹಗಲಲ್ಲಿ ದಡ ಸುಮ್ನೆ ನಡೆದು ನೋಡಿ. ಒಣಗಿದ ಕಡ್ಡಿ, ಕಪ್ಪೆಚಿಪ್ಪು, ಬಲೆಯ ಹಸಿರು ದಾರದ ಚೂರು, ಹಳೇ ಚಪ್ಪಲಿ ಎಲ್ಲಾ ಒಂದು ಗೆರೆ ಎಳೆದ ಹಾಗೆ ಸಾಲಾಗಿ ಬಿದ್ದಿರುತ್ತೆ. ಉಬ್ಬರದಲ್ಲಿ ಅಲೆ ಮುಟ್ಟಿ ಹೋದ ಜಾಗ ಅದು. ದಿನಕ್ಕೆ ಎರಡು ಸಲ ನೀರು ಏರುತ್ತೆ, ಒಂದು ಉಬ್ಬರದಿಂದ ಇನ್ನೊಂದಕ್ಕೆ ಹನ್ನೆರಡು ಗಂಟೆ ಮೇಲೆ ಸುಮಾರು 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಹೊತ್ತು ಮುಂದೆ ಹೋಗ್ತಾ ಇರುತ್ತೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಏರುತ್ತೆ, ಅಂದರೆ ಆ ಗೆರೆಯನ್ನೂ ದಾಟಬಹುದು. ಹೊರಡೋ ಮುಂಚೆ ಗೋಡೆ ಕ್ಯಾಲೆಂಡರ್‌ನಲ್ಲಿ ಅದೊಂದು ನೋಡಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳಲ್ಲ. ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಹೊತ್ತು ಈ ದಡಕ್ಕೆ ಬಂದು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಜೋರು ಲೈಟ್ ಇದ್ದರೆ ದಡ ಹತ್ತದೆ ವಾಪಸ್ ಹೋಗುತ್ತವೆ, ಮೊಟ್ಟೆಯಿಂದ ಬಂದ ಮರಿಗಳು ಕಡಲು ಬಿಟ್ಟು ಲೈಟ್ ಕಡೆ ನಡೆಯುತ್ತವೆ. ರಾತ್ರಿ ದಡಕ್ಕೆ ಹೋದರೆ ಟಾರ್ಚ್ ಆರಿಸಿ. ಬೇಲಿ ಹಾಕಿದ ಮರಳು ಕಂಡರೆ ಮಕ್ಕಳನ್ನು ಹತ್ತಿರ ಬಿಡಬೇಡಿ. ನಮ್ಮ ಬಯಲುಸೀಮೆ ಮಕ್ಕಳಿಗೆ ಇದೆಲ್ಲ ಕಾಣಸಿಗೋದೇ ಅಪರೂಪ, ಆಮೆ ಕಂಡರೆ ದೂರದಿಂದಲೇ ತೋರಿಸಿ.

ಕೋಲಾರದವನು:

ಅಮ್ಮ, ಟೆಂಟ್ ವಿಷಯ ಇವರೆಲ್ಲ ಹೇಳಿದ್ದಾರೆ. ಬಾವಿಯಲ್ಲಿ ಈಜು ಕಲಿತವರು ಅಂದಿರಲ್ಲ, ಅದಕ್ಕೆ ಬರೀತಿದ್ದೀನಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ನಮ್ಮ ಮುಳಬಾಗಿಲಿನ ಶಾಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಪ್ರವಾಸಕ್ಕೆ ಹೋಗಿದ್ದ ಮಕ್ಕಳು. ನಮ್ಮ ಜಿಲ್ಲೆಯಲ್ಲಿ ಆ ಸುದ್ದಿ ಯಾರೂ ಮರೆತಿಲ್ಲ.

ಬಾವಿ ನೀರು, ಕೆರೆ ನೀರು ನಿಂತ ನೀರು. ಸಮುದ್ರದಲ್ಲಿ ದಡಕ್ಕೆ ಬಂದ ಅಲೆಯ ನೀರೆಲ್ಲ ಒಂದು ಕಡೆ ಸೇರಿ ಕಾಲುವೆ ಹಾಗೆ ಒಳಕ್ಕೆ ಎಳೆಯುತ್ತೆ. ಅಂಥ ಜಾಗದಲ್ಲಿ ಅಲೆ ಕಡಿಮೆ, ನೋಡೋಕೆ ಶಾಂತವಾಗಿರುತ್ತೆ, ಅದಕ್ಕೇ ಜನ ಅಲ್ಲೇ ಇಳೀತಾರೆ. ಎಳೆತಕ್ಕೆ ಸಿಕ್ಕಿದರೆ ದಡದ ಕಡೆ ನೇರವಾಗಿ ಈಜಿದಷ್ಟೂ ಸುಸ್ತು, ಎಂಥ ಈಜುಗಾರನೂ ಸೋಲ್ತಾನೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು, ಎಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ಈಜು ಬರದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಲೈಫ್‌ಗಾರ್ಡ್ ಇರೋ ಕಡೆ, ಅವರು ತೋರಿಸಿದ ಜಾಗದಲ್ಲಿ, ಹಗಲಲ್ಲಿ ಮಾತ್ರ ಇಳಿಯಿರಿ. ಕೆಂಪು ಬಾವುಟ ಇದ್ದರೆ ಬೇಡವೇ ಬೇಡ. ಮಕ್ಕಳು ನೀರಲ್ಲಿದ್ದಷ್ಟು ಹೊತ್ತು ದೊಡ್ಡವರೊಬ್ಬರು ಫೋನ್ ಮುಟ್ಟದೆ ಅವರನ್ನೇ ನೋಡ್ತಿರಲಿ. ಏನಾದರೂ ಆದರೆ 112ಕ್ಕೆ ಕರೆ ಮಾಡಿ.

ಕ್ಯಾತಸಂದ್ರದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೋಲಾರದ ಅಣ್ಣ ಬರೆದಿದ್ದನ್ನು ನಮ್ಮವರಿಗೂ ಭಾವನಿಗೂ ಓದಿಸಿದೆ. ಅತ್ತೆಗೆ ರೂಮ್, ನಮಗೆ ಪಕ್ಕದಲ್ಲೇ ಟೆಂಟ್ ಸಿಗೋ ಜಾಗ ನೋಡ್ತಿದ್ದೇವೆ. ಒಂದೇ ಒಂದು ಉಳಿದಿದೆ. ರಾತ್ರಿ ಬೆಂಕಿ ಹಾಕಿಕೊಂಡು ಜೋಳ ಸುಡೋಣ ಅಂತ ಮಕ್ಕಳು ಕೇಳ್ತಿದ್ದಾರೆ, ಹಾಕಬಹುದಾ?

ಮಧುಗಿರಿ ಮೂಲ, ಈಗ ಕುಮಟಾ:

ಕ್ಯಾಂಪ್‌ನವರು ಒಪ್ಪಿದರೆ, ಅವರು ತೋರಿಸಿದ ಒಲೆಯಲ್ಲಿ ಮಾತ್ರ ಹಾಕಿ ಮೇಡಂ. ಗಾಳಿ ಮರದ ಒಣ ಸೂಜಿ ಎಲೆ ನೆಲದ ತುಂಬಾ ಬಿದ್ದಿರುತ್ತೆ, ಒಂದು ಕಿಡಿ ಸಾಕು. ಆರಿಸುವಾಗ ಕೆಂಡದ ಮೇಲೆ ಮರಳು ಮುಚ್ಚಬೇಡಿ. ಮೇಲೆ ತಣ್ಣಗೆ ಕಾಣುತ್ತೆ, ಒಳಗೆ ಎಷ್ಟೋ ಹೊತ್ತು ಕಾದಿರುತ್ತೆ, ಬೆಳಿಗ್ಗೆ ಬರಿಗಾಲಲ್ಲಿ ಓಡಾಡೋ ಮಕ್ಕಳು ತುಳಿದು ಅಂಗಾಲು ಸುಟ್ಟುಕೊಳ್ತಾರೆ. ಬಕೆಟ್ ನೀರು ಹುಯ್ದು, ಕಡ್ಡಿಯಿಂದ ಕೆದಕಿ, ಮತ್ತೆ ನೀರು ಹುಯ್ಯಿರಿ. ಜೋಳ ಊರಿಂದಲೇ ತನ್ನಿ. ಟೆಂಟ್ ಮನೆಗೆ ಹೋದಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸಿಯೇ ಮಡಚಿ, ಉಪ್ಪು ಕೂತರೆ ಜಿಪ್ ಕೆಡುತ್ತೆ.